ಕೆಳಗೆ ನೋಡುವ ಮೂರು ಕಣ್ಣು

ವ್ಯಾನು ತಿಪಟೂರು ಬಿಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಈ ಭಾನುವಾರ ಜ್ವರ ಬರಿಸಿಕೊಳ್ಳದೆ ಹೋದದ್ದು ತನ್ನ ದೊಡ್ಡ ತಪ್ಪು ಎಂದು ಜ್ಞಾನೇಶನಿಗೆ ಅನ್ನಿಸತೊಡಗಿತು. ಪ್ರಯತ್ನವನ್ನೇನೋ ಮಾಡಿದ್ದ. ಶನಿವಾರ ಸಂಜೆ ಎರಡು ಸಲ ಹಣೆ ಮುಟ್ಟಿಕೊಂಡು, ಕೊನೆಗೆ ಹೆಂಡತಿ ಕೋಮಲಾಳ ಕೈಯಲ್ಲೂ ಮುಟ್ಟಿಸಿದ್ದ. ಆಕೆ "ತಣ್ಣಗಿದೆ, ಹೋಗ್ಬನ್ನಿ" ಎಂದು ಒಲೆಯ ಕಡೆ ತಿರುಗಿಬಿಟ್ಟಿದ್ದಳು. ವ್ಯಾನಿನ ಬೆನ್ನಿಗೆ ಕಟ್ಟಿದ ಬಟ್ಟೆಯ ಬ್ಯಾನರು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. 'ಧೈರ್ಯ ಮತ್ತು ಡಿಸೈನ್ ಪ್ರವಾಸ'. ಬರೆದವನು ಅವನೇ. ಧೈರ್ಯ ಎಂಬುದನ್ನು ಕೆಂಪಿನಲ್ಲಿ ದಪ್ಪಗೆ ಬರೆದು, ಒತ್ತಿಗೆ ನೆರಳು ಕೊಡುವಾಗ ಕೈ ಒಂದಿಷ್ಟೂ ಅದುರಿರಲಿಲ್ಲ. ಬರೆಯುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಎಷ್ಟೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ವರ್ಷದಲ್ಲಿ ಸಾವಿರಗಟ್ಟಲೆ ತೆಂಗಿನ ಮರ ಬರೆದವನು ಒಂದು ಮರವನ್ನೂ ಹತ್ತಿರಲಿಲ್ಲ. ಹತ್ತುವುದಿರಲಿ, ಬುಡದಲ್ಲಿ ನಿಲ್ಲುವುದಕ್ಕೂ ಅವನಿಗೆ ಭಯ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಮೀನಿಗೆ ನೀರು ಕಂಡರೆ ಭಯ ಅಂದಹಾಗೆ ಆಗುತ್ತದೆ.

ಮುಂದಿನ ಸೀಟಿನಲ್ಲಿ, ಅವನು ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನ ತೋಂಟದಾರ್ಯ ತೊಡೆಯ ಮೇಲೆ ನೀಲಿ ಫೈಲು ಇಟ್ಟುಕೊಂಡು ಕೂತಿದ್ದರು. ಹೋದ ತಿಂಗಳು ಬೆಂಗಳೂರಿನಲ್ಲಿ ಮೂರು ದಿನ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿಬಂದಾಗಿನಿಂದ ಆ ಫೈಲು ಅವರ ಕಂಕುಳು ಬಿಟ್ಟಿರಲಿಲ್ಲ. ಅದಕ್ಕೆ ಮೊದಲು ಬಾಗಿಲಲ್ಲಿ ನಿಂತು "ಲಗ್ನಪತ್ರಿಕೆ ಎಲ್ರೀ" ಎಂದು ಕೂಗುತ್ತಿದ್ದ ಮನುಷ್ಯ, ಬಂದ ಮೇಲೆ "ನಮ್ಮ ಟೀಮ್ ಇವತ್ತು ಹೇಗಿದೆ" ಎಂದು ಕೇಳತೊಡಗಿದ್ದರು. ಟೀಮ್ ಎಂದರೆ ನಾಲ್ಕು ಜನ. ಕೈಯಲ್ಲಿ ಚಿತ್ರ ಬರೆಯುವ ಜ್ಞಾನೇಶ. ಎರಡು ವರ್ಷದ ಹಿಂದೆ ಬಂದು ಕಂಪ್ಯೂಟರಿನಲ್ಲಿ ಅದನ್ನೇ ಬರೆಯುವ ಹುಡುಗಿ ನಿಸರ್ಗ. ಮಿಷನ್ ಓಡಿಸುವ ಸಣ್ಣತಿಮ್ಮಯ್ಯ. ಕಸ ಗುಡಿಸಿ ಟೀ ತರುವ ಭೂತಮ್ಮ. ಭೂತಮ್ಮನನ್ನು ಟೀಮಿಗೆ ಸೇರಿಸಿದ್ದು ಶಿಬಿರದ ಪ್ರಭಾವವೋ, ಮಧ್ಯಾಹ್ನದ ಚಿತ್ರಾನ್ನದ ಪ್ರಭಾವವೋ ಹೇಳುವುದು ಕಷ್ಟ. ಪ್ರವಾಸದ ಗುಟ್ಟು ಮಾತ್ರ ಎಲ್ಲರಿಗೂ ಗೊತ್ತಿತ್ತು. ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರು ತಮ್ಮ ಚೀಲಗಳ ಮೇಲಿನ 'ಮುಕ್ಕಣ್ಣ ಮಾರ್ಕ್' ಚಿತ್ರವನ್ನು ಬಣ್ಣದಲ್ಲಿ ಹೊಸದಾಗಿ ಮಾಡಿಸಬೇಕೆಂದಿದ್ದರು. ಮಾಡುವವರು ಯಾರು, ಜ್ಞಾನೇಶನ ಕೈಯೋ ನಿಸರ್ಗಳ ಕಂಪ್ಯೂಟರೋ ಎಂಬುದನ್ನು ಯಜಮಾನರು ಇವತ್ತು ಸಂಜೆಯೊಳಗೆ ತೀರ್ಮಾನಿಸುವವರಿದ್ದರು. ಕಂಪ್ಯೂಟರ್ ಎಂದಾದರೆ ಕಿಟಕಿ ಪಕ್ಕದ, ಅವನು ಚಿತ್ರ ಬರೆಯುವ ಗಾಜಿನ ಮೇಜು ಗೋಡೌನಿಗೆ ಹೋಗುತ್ತದೆ, ಆ ಜಾಗಕ್ಕೆ ಇನ್ನೊಂದು ಕಂಪ್ಯೂಟರ್ ಬರುತ್ತದೆ, ಜ್ಞಾನೇಶ ಕೌಂಟರಿನಲ್ಲಿ ಕೂತು ಲಗ್ನಪತ್ರಿಕೆಯಲ್ಲಿ ವಧುವಿನ ತಾತನ ಹೆಸರು ಸರಿಯಿದೆಯೇ ಎಂದು ನೋಡಬೇಕಾಗುತ್ತದೆ. ಆ ಮೇಜಿನ ಗಾಜಿನಡಿ ಬಲ್ಬು ಹಾಕಿಸಿದ್ದು, ಅಂಚಿನ ಮರ ಮೊಳಕೈ ತಾಗಿ ತಾಗಿ ಸವೆದದ್ದು, ಅಲ್ಲಿ ಕೂತಾಗ ಮಾತ್ರ ತನ್ನನ್ನು ಯಾರೂ ಅಲ್ಲಾಡಿಸಲಾರರು ಅನ್ನಿಸುವುದು, ಇವೆಲ್ಲ ಅವನಿಗೆ ವ್ಯಾನಿನಲ್ಲಿ ಒಟ್ಟಿಗೆ ನೆನಪಾದವು.

ತುರುವೇಕೆರೆ ದಾಟಿ ದಬ್ಬೇಘಟ್ಟದ ಕಡೆಗೆ ತಿರುಗಿ, ಯಜಮಾನರ ಭಾವಮೈದುನನ ತೋಟದ ಹತ್ತಿರ ವ್ಯಾನು ನಿಂತಿತು. ತೋಟಕ್ಕೂ ರಸ್ತೆಗೂ ನಡುವೆ ಕಾಲುವೆ. ಕಾಲುವೆಗೆ ಅಡ್ಡವಾಗಿ ಒಂದೇ ಒಂದು ತೆಂಗಿನ ದಿಮ್ಮಿ. ತೋಂಟದಾರ್ಯ ಫೈಲು ತೆರೆದು, "ಮೊದಲನೇ ಪರೀಕ್ಷೆ, ಭಯವನ್ನ ದಾಟೋದು. ಇದು ಬರೀ ಟೂರ್ ಅಲ್ಲ ಕಣ್ರೀ. ಧೈರ್ಯ ಇಲ್ದೋನಿಗೆ ಡಿಸೈನ್ ಹೊಳಿಯಲ್ಲ" ಎಂದರು. ಅರವತ್ತು ದಾಟಿದ ಸಣ್ಣತಿಮ್ಮಯ್ಯ ಬೀಡಿ ಆರಿಸದೆಯೇ ನಡೆದುಹೋದ. ನಿಸರ್ಗ ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನಲ್ಲಿ ತೇಲುವ ಹೂವಿನ ಬಣ್ಣ ಚೆನ್ನಾಗಿದೆ ಎನ್ನುತ್ತ ದಾಟಿದಳು. ಯಜಮಾನರು ಶಿಬಿರದಲ್ಲಿ ಕಲಿತ ಏನನ್ನೋ ಮೂರು ಸಲ ಗಟ್ಟಿಯಾಗಿ ಹೇಳಿ ದಾಟಿದರು. ದಿಮ್ಮಿ ಜ್ಞಾನೇಶನ ಕಣ್ಣಿಗೆ ಒಮ್ಮೆ ಅಗಲವಾಗಿಯೂ ಒಮ್ಮೆ ದಾರದಷ್ಟು ಸಣ್ಣಗೂ ಕಂಡಿತು. ನೀರು ಮೊಣಕಾಲಿನಷ್ಟೂ ಇರಲಿಲ್ಲ, ಅದೂ ಅವನಿಗೆ ಕಾಣುತ್ತಿತ್ತು. ಮೊಣಕಾಲು ನೀರಿಗೆ ಹೆದರುವವನ ಅವಮಾನ ಆಳದ ನೀರಿಗೆ ಹೆದರುವವನಿಗೆ ಇರುವುದಿಲ್ಲ. ಎರಡು ಹೆಜ್ಜೆ ಇಟ್ಟು ಕೂತುಬಿಟ್ಟ. ಕೂತ ಮೇಲೆ ಏಳಲಾಗಲಿಲ್ಲ. ಎರಡೂ ಕಡೆ ಕಾಲು ಇಳಿಬಿಟ್ಟು ಒಂದೊಂದು ಗೇಣು ಮುಂದೆ ಜರುಗುತ್ತ ದಾಟುವಾಗ ಪ್ಯಾಂಟಿನ ಹಿಂಭಾಗ ಪರ್ರೆಂದದ್ದು ಅವನೊಬ್ಬನಿಗೇ ಕೇಳಿಸಿತೋ ಎಲ್ಲರಿಗೂ ಕೇಳಿಸಿತೋ ತಿಳಿಯಲಿಲ್ಲ. ಆಚೆ ದಡ ಸೇರಿ, ಡ್ರಾಯಿಂಗ್ ಪ್ಯಾಡನ್ನು ಬೆನ್ನ ಹಿಂದೆ ಹಿಡಿದು, ಹಿಂದಕ್ಕೆ ಕೈ ಕಟ್ಟಿಕೊಂಡ ದೊಡ್ಡ ಮನುಷ್ಯನಂತೆ ನಿಂತ. ಆಗ ತಿರುಗಿ ನೋಡಿದರೆ ಭೂತಮ್ಮ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಚಿತ್ರಾನ್ನದ ದೊಡ್ಡ ಪಾತ್ರೆ, ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು ದಾಟಿ ಬರುತ್ತಿದ್ದಳು. ಇದು ಪರೀಕ್ಷೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಅಂಕವನ್ನೂ ಯಾರೂ ಕೊಡಲಿಲ್ಲ.

"ಎರಡನೇದು ನೋಡಿ ಅಸಲಿ" ಎಂದರು ತೋಂಟದಾರ್ಯ. ಕೊಬ್ಬರಿಗೆಂದು ಬಿಟ್ಟ ಕಾಯಿ ಬಲಿತು ಒಣಗಿ ತಾನಾಗಿ ಉದುರುವ ಮರಗಳನ್ನೇ ಆರಿಸಿ, ಒಂದೊಂದು ಮರದ ಬುಡಕ್ಕೆ ಒಬ್ಬೊಬ್ಬರನ್ನು ಕೂರಿಸಿದರು. ಕಾಲು ಗಂಟೆ ಅಲ್ಲಾಡಬಾರದು, ತಲೆ ಎತ್ತಿ ಮರವನ್ನೇ ನೋಡಬೇಕು, ಕಂಡದ್ದನ್ನು ಬರೆಯಬೇಕು. "ಹೆದರೋದೇನೂ ಬ್ಯಾಡ. ತೆಂಗಿನಕಾಯಿಗೆ ಮೂರು ಕಣ್ಣಿದಾವೆ. ನೋಡ್ಕೊಂಡೇ ಬೀಳೋದು. ಇವತ್ತಿನ ತನಕ ಯಾರ ತಲೆ ಮೇಲಾದ್ರೂ ಬಿದ್ದಿದ್ದು ಕೇಳಿದೀರಾ?" ಕೇಳಿರಲಿಲ್ಲ. ಈ ಸೀಮೆಯಲ್ಲಿ ಯಾರೂ ಕೇಳಿರುವುದಿಲ್ಲ. ಆದರೆ ಅಜ್ಜಿ ಚಿಕ್ಕಗೌರಮ್ಮ ಆ ಮಾತಿಗೆ ಒಂದು ಬಾಲ ಸೇರಿಸುತ್ತಿದ್ದಳು: ಪಾಪ ಮಾಡಿದೋನ ತಲೆ ಬಂದಾಗ ಮಾತ್ರ ಅದು ಮೂರೂ ಕಣ್ಣು ಮುಚ್ಕತದೆ ಮಗ. ಡಬ್ಬದ ಬೆಲ್ಲ ಕದ್ದ ಏಳು ವರ್ಷದ ಜ್ಞಾನೇಶ ಎರಡು ತಿಂಗಳು ತಲೆಯ ಮೇಲೆ ಕೈ ಇಟ್ಟುಕೊಂಡೇ ಸ್ಕೂಲಿಗೆ ಹೋಗಿದ್ದ. ನಲವತ್ತು ದಾಟಿದರೂ ಕೈ ಇಳಿದಿರಲಿಲ್ಲ, ಒಳಗೆ ಸೇರಿಕೊಂಡಿತ್ತು ಅಷ್ಟೆ. ಮುಕ್ಕಣ್ಣ ಮಾರ್ಕ್ ಹುಟ್ಟಿದ್ದೂ ಅಲ್ಲಿಂದಲೇ. ಮರದ ತುದಿಯಿಂದ ತೊಟ್ಟು ಹಿಡಿದು ಇಳಿಬಿದ್ದ ಒಂದು ದೊಡ್ಡ ಕಾಯಿ, ಕೆಳಮುಖವಾಗಿ ಮೂರು ಕಣ್ಣು, ನೆರಳಲ್ಲಿ ನೆಮ್ಮದಿಯಾಗಿ ಮಲಗಿದ ರೈತ. ಸುಲಿದ ಕಾಯಿ ಮರದಲ್ಲಿ ಹೇಗೆ ನೇತಾಡುತ್ತದೆಂದು ಯಾರೂ ಕೇಳಲಿಲ್ಲ. ಚಿತ್ರದಲ್ಲಿ ಅಷ್ಟು ಸಲ್ಲುತ್ತದೆ. ಕರಿಬಸವಯ್ಯನವರು ಕಣ್ಣು ಒದ್ದೆ ಮಾಡಿಕೊಂಡು, "ಶಿವ ಮೇಲಿಂದ ಕಾಯ್ತಾವ್ನೆ ಅನ್ನಂಗಿದೆ ಕಣಪ್ಪ" ಎಂದಿದ್ದರು. ಹದಿನೈದು ವರ್ಷದಿಂದ ಆ ಮೂರು ಕಣ್ಣು ಗೋಣಿಚೀಲಗಳ ಮೇಲೆ ದೆಹಲಿಯ ತನಕ ಹೋಗಿಬರುತ್ತಿದ್ದವು. ಚಿತ್ರದ ಮೂಲೆಯಲ್ಲಿ ಸಾಸಿವೆ ಗಾತ್ರದಲ್ಲಿ 'ಜ್ಞಾನೇಶ್' ಎಂದು ಸಹಿ ಇತ್ತು. ಅದನ್ನು ಇವತ್ತಿನವರೆಗೆ ಒಬ್ಬರೂ ಓದಿರಲಿಲ್ಲ.

ಬೆವರಿನಲ್ಲಿ ಪೆನ್ಸಿಲ್ಲು ಜಾರುತ್ತಿತ್ತು. ಗೊನೆಯಲ್ಲಿ ಹನ್ನೊಂದು ಕಾಯಿ ಎಣಿಸಿದ. ಅದರಲ್ಲಿ ಮೂರು ಕಂದು ಬಣ್ಣಕ್ಕೆ ತಿರುಗಿ, ಇವನಿಗಾಗಿಯೇ ಕಾಯುತ್ತಿದ್ದಂತೆ ಇದ್ದವು. ನಾನೇನು ಪಾಪ ಮಾಡಿದೀನಿ ಎಂದು ಲೆಕ್ಕ ಹಾಕಿದ. ಬೆಲ್ಲ. ಮಾವನ ಕೈಗಡಿಯಾರ ರಿಪೇರಿಗೆಂದು ತಂದು ತಾನೇ ಕಟ್ಟಿಕೊಂಡದ್ದು. ನಿಸರ್ಗಳ ಕಂಪ್ಯೂಟರಿನ ವೈರನ್ನು ಒಂದು ಸಲ, ಒಂದೇ ಸಲ, ಕಾಲಿನಿಂದ ಸಡಿಲಿಸಿದ್ದು. ಇಷ್ಟಕ್ಕೆಲ್ಲ ಕಣ್ಣು ಮುಚ್ಚಿಕೊಳ್ಳುವಷ್ಟು ಕಠಿಣ ಕಾಯಿ ಇರಲಾರದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಮೇಲೆ ಚರ್ರೆಂದು ಸದ್ದಾಗಿ, ಎಡಕ್ಕೆ ನಾಲ್ಕು ಅಡಿ ದೂರದಲ್ಲಿ ಕಾಯೊಂದು ದೊಪ್ಪನೆ ಬಿತ್ತು. ಜ್ಞಾನೇಶ ಕಿರುಚಲಿಲ್ಲ. ಕಿರುಚುವುದಕ್ಕೆ ಬೇಕಾದ ಉಸಿರು ಇರಲಿಲ್ಲ, ಅದನ್ನು ದೂರದಿಂದ ನೋಡಿದವರು ಧೈರ್ಯ ಎಂದುಕೊಂಡರು. ಯಜಮಾನರು ಚಪ್ಪಾಳೆ ತಟ್ಟಿ, "ನೋಡಿದ್ರಾ, ಕಣ್ಣು ಬಿಟ್ಕೊಂಡೇ ಬಿತ್ತು" ಎಂದರು. ಅವನು ಕಾಯಿಯನ್ನು ನೋಡುತ್ತ ಪ್ಯಾಡಿನಲ್ಲಿ ಗೀಚತೊಡಗಿದ. ತೊಟ್ಟು ಕಳಚಿದ ಕಡೆ ಮುಚ್ಚಳದಂತೆ ನಾಲ್ಕು ಒಣ ಎಸಳು. ಆ ಎಸಳಿನ ಅಡಿಯ ನಾರೇ ಅಲ್ಲವೇ ಪೂಜೆಯ ಕಾಯಿಗೆ ಜುಟ್ಟಾಗಿ ಉಳಿಯುವುದು. ಕಣ್ಣು ಇರುವುದು ಜುಟ್ಟಿನ ಕೆಳಗೆ. ಜುಟ್ಟು ಕಿತ್ತರೆ ಕಣ್ಣು, ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹಾಗಾದರೆ ಕಣ್ಣು ತೊಟ್ಟಿನ ಕಡೆಗಿದೆ. ತೊಟ್ಟು ಮೇಲಿದೆ. ಮರದಲ್ಲಿರುವಷ್ಟು ದಿನವೂ ಕಾಯಿ ಮೂರೂ ಕಣ್ಣಲ್ಲಿ ನೋಡುವುದು ತಾಯಿಮರವನ್ನೇ ಹೊರತು ಕೆಳಗಿರುವ ಯಾವನನ್ನೂ ಅಲ್ಲ.

ಹದಿನೈದು ವರ್ಷ. ಇಡೀ ತೆಂಗಿನ ಸೀಮೆ, ಬೆಳಗಾದರೆ ಕಾಯಿ ಒಡೆಯುವ ಜನ, ಆ ಚಿತ್ರ ನೋಡಿ ಕೈ ಮುಗಿದರು. ಯಾರಿಗೂ ಹೊಳೆಯಲಿಲ್ಲ. ಯಾರಿಗೂ ಎಂದರೆ, ಒಬ್ಬರನ್ನು ಬಿಟ್ಟು. ಅವತ್ತು ಮೊದಲ ಕರಡು ಹಾಳೆ ಇನ್ನೂ ಮಸಿ ಆರದೆ ಮೇಜಿನ ಮೇಲಿತ್ತು. ಮಂಡಿಯಲ್ಲಿ ಕಾಯಿ ಸುಲಿಯುವುದು ಬಿಟ್ಟು ಆ ವಾರವಷ್ಟೇ ಪ್ರೆಸ್ಸಿಗೆ ಸೇರಿದ್ದ ಹೆಂಗಸು ಪೊರಕೆ ಹಿಡಿದು ಬಗ್ಗಿದವಳು, ಹಾಗೇ ತಲೆ ಓರೆ ಮಾಡಿ, "ಕಣ್ಣು ತೊಟ್ಟಿನ ಕಡೀಕಲ್ವಾ ಸ್ವಾಮಿ ಇರಾದು?" ಎಂದಿದ್ದಳು. ನಿಜಕ್ಕೂ ಕೇಳಿದ್ದು, ಕೊಂಕಿರಲಿಲ್ಲ. ಅವನು ಸುತ್ತ ನಿಂತವರನ್ನು ನೋಡಿಕೊಂಡು, "ನೀನು ಪೊರಕೆ ಎಲ್ಲಿಡ್ಬೇಕೋ ನೋಡು, ಕಣ್ಣು ಎಲ್ಲಿಡ್ಬೇಕು ಅಂತ ನಂಗೊತ್ತು" ಎಂದಿದ್ದ. ಎಲ್ಲರೂ ನಕ್ಕರು. ಆಕೆ ಮುಖ ತಗ್ಗಿಸಿ ಗುಡಿಸಿಕೊಂಡು ಹೋದಳು. ಅವತ್ತು ಸಂಜೆ ಕೋಮಲಾಳಿಗೆ ಆ ಮಾತನ್ನು ಇನ್ನೊಂದಿಷ್ಟು ಒಗ್ಗರಣೆ ಹಾಕಿ ಹೇಳಿದ. ಆಕೆ ನಗಲಿಲ್ಲ, ಯಾಕೆಂದು ಅವನು ಕೇಳಲೂ ಇಲ್ಲ. ಆಮೇಲೆ ಹದಿನೈದು ವರ್ಷ ಭೂತಮ್ಮ ಅವನ ಮೇಜಿನ ಸುತ್ತ ಗುಡಿಸುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಗುಡಿಸಿದ್ದಳು. ಅದನ್ನು ಅವನು ಗೌರವ ಎಂದು ತಿಳಿದಿದ್ದ. ತಿಳಿದಿರಲಿಲ್ಲ, ಹಾಗೆ ತಿಳಿಯಲು ತೀರ್ಮಾನಿಸಿದ್ದ. ಪಾಪದ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದೇ ಎಂದು ಗೊತ್ತಾದಾಗ ಅವನಿಗೆ ನಾಚಿಕೆಯಾಯಿತು, ಮತ್ತು ತಲೆಯ ಮೇಲೆ ಇನ್ನೂ ಎರಡು ಒಣ ಕಾಯಿ ಇದ್ದದ್ದು ನೆನಪಾಗಿ ಬೇಗ ಬೇಗ ಎದ್ದುಬಿಟ್ಟ.

ಊಟಕ್ಕೆ ಕೂತಾಗ ಮೂರನೇ ಪರೀಕ್ಷೆ. ಇಷ್ಟು ದಿನ ಹೇಳಲು ಹೆದರಿದ ಒಂದು ನಿಜವನ್ನು ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ಸಣ್ಣತಿಮ್ಮಯ್ಯ ಎದ್ದು, "ನಂಗೆ ಎಡಗಿವಿ ಕೇಳಾಕಿಲ್ಲ ಬುದ್ಧಿ, ಆರು ವರ್ಷಾಯ್ತು. ನೀವು ಬೈದಾಗೆಲ್ಲ ಆ ಕಡೆ ತಿರುಗಿಸ್ತೀನಿ" ಎಂದು ಕೂತ. ನಿಸರ್ಗ ಬಿಳಿ ಹಾಳೆಯಂಥ ಮುಖ ಮಾಡಿಕೊಂಡು, "ಜ್ಞಾನೇಶ್ ಸರ್ ಬರೆದ ಅಕ್ಷರನ ನಾನು ಸ್ಕ್ಯಾನ್ ಮಾಡಿ, ನಂದು ಅಂತ ಎರಡು ಸಲ ಕೊಟ್ಟಿದೀನಿ ಸರ್" ಎಂದಳು. ಜ್ಞಾನೇಶನಿಗೆ ಒಂದು ಕ್ಷಣ ಸ್ವರ್ಗವೇ ಕಂಡಿತು. ಈಗ ದೊಡ್ಡ ಮನಸ್ಸಿನಿಂದ "ಹೋಗ್ಲಿ ಬಿಡಮ್ಮ" ಎಂದು, ಕಂಪ್ಯೂಟರ್ ವೈರಿನ ವಿಷಯವನ್ನೋ ಬೆಲ್ಲದ ವಿಷಯವನ್ನೋ ಹೇಳಿ ಕೂತರೆ ಮೇಜು ಉಳಿಯುತ್ತದೆ. ಚಿತ್ರದ ತಪ್ಪು ಹೇಳಿದರೆ ಮೇಜು ಹೋಗುತ್ತದೆ. ಇದಕ್ಕಿಂತ ಸುಲಭದ ಲೆಕ್ಕ ಇರಲಿಲ್ಲ. ಎದ್ದ. ಭೂತಮ್ಮ ಆಚೆ ಬದಿಗೆ ಕೂತು ಎಲ್ಲರಿಗೂ ಎಲೆ ಹಾಕುತ್ತಿದ್ದಳು, ಅಭ್ಯಾಸದಂತೆ ಇವನ ಕಡೆ ನೋಡದೆ, ಮುಖ ತೋಟದ ಬೇಲಿಯ ಕಡೆಗಿಟ್ಟು. ಆ ಬೇಲಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಮುಕ್ಕಣ್ಣ ಮಾರ್ಕ್ ತಪ್ಪು" ಎಂದ. ದನಿ ತನ್ನದಲ್ಲ ಅನ್ನಿಸಿತು. "ಕಣ್ಣು ಮೇಲಿರ್ಬೇಕು, ತೊಟ್ಟಿನ ಕಡೆ. ನಾನು ಕೆಳಗೆ ಬರ್ದೆ. ಭೂತಮ್ಮ ಅವತ್ತೇ ಹೇಳಿದ್ರು. ನಾನು ಎಲ್ರ ಮುಂದೆ ಆಯಮ್ಮನ್ನ ಹಂಗಿಸಿ ನಗಿಸ್ದೆ." ಯಾರೂ ನಂಬಿದಂತೆ ಕಾಣದ್ದರಿಂದ, ಬಿದ್ದ ಕಾಯಿಯ ಚಿತ್ರ ತೋರಿಸಲು ಬೆನ್ನ ಹಿಂದಿನ ಪ್ಯಾಡನ್ನು ಮುಂದಕ್ಕೆ ತಂದ. ಹಿಂದಿನಿಂದ ಗಾಳಿ ತಣ್ಣಗೆ ಒಳಕ್ಕೆ ನುಗ್ಗಿತು. ನಿಸರ್ಗ ಬಾಯಿಗೆ ದುಪಟ್ಟ ಒತ್ತಿಕೊಂಡಳು. ಸಣ್ಣತಿಮ್ಮಯ್ಯ ಕೇಳದ ಕಿವಿಯನ್ನು ಇತ್ತ ತಿರುಗಿಸಿದ. ಜೀವನದಲ್ಲಿ ಒಮ್ಮೆ ನಿಜ ಹೇಳಲು ನಿಂತಾಗಲೂ ಹರಿದ ಪ್ಯಾಂಟಿನಲ್ಲೇ ನಿಲ್ಲಬೇಕಾಯಿತಲ್ಲ ಎಂದು ಜ್ಞಾನೇಶನಿಗೆ ಅಳುವೂ ನಗುವೂ ಬಂತು. ತೋಂಟದಾರ್ಯ ಒಂದು ಕಾಯಿ ಸುಲಿಸಿ, ಜುಟ್ಟು ಕಿತ್ತು, ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ ಶಿವನೇ" ಎಂದು ಫೈಲು ಮುಚ್ಚಿದರು. ಭೂತಮ್ಮ ಎದ್ದು ಬಂದಳು. ಹದಿನೈದು ವರ್ಷದ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದಳು. ಏನೋ ದೊಡ್ಡ ಮಾತು ಬರುತ್ತದೆಂದು ಅವನು ಕಾದ. ಆಕೆ ತಲೆಯ ಸಿಂಬೆ ಬಿಚ್ಚಿ, ಬಟ್ಟೆಯನ್ನು ಒಮ್ಮೆ ಕೊಡವಿ ಅವನ ಕೈಗಿಟ್ಟು, "ಸೊಂಟಕ್ಕೆ ಸುತ್ಕಳಿ ಸ್ವಾಮಿ. ಕೂತ್ಕಳಿ, ಚಿತ್ರಾನ್ನ ಆರೋಯ್ತದೆ" ಎಂದಳು.

ಊಟ ಮುಗಿಸಿ ವಾಪಸು ವ್ಯಾನು ಹತ್ತಿದರು. ನಿಸರ್ಗ ಸಹಾಯ ಮಾಡಬೇಕೆಂದೇ, "ಕಂಪ್ಯೂಟರಲ್ಲಿ ಕಾಯಿ ಒಂದನ್ನೇ ತಿರುಗಿಸಿದ್ರೆ ಆಯ್ತು ಸರ್, ಒಂದೇ ಕ್ಲಿಕ್" ಎಂದಳು. ಹದಿನೈದು ವರ್ಷ ಒಂದು ಕ್ಲಿಕ್ಕಿಗೆ ಮುಗಿಯಿತು. ಯಜಮಾನರು ಹಿಂದಕ್ಕೆ ತಿರುಗದೆ, "ನಾಳೆ ನಿಸರ್ಗ ಕೂತ್ಕೊಂಡು ಮಾಡ್ಲಿ. ಮೇಜಿನ ವಿಷಯ ಆಮೇಲೆ ನೋಡಣ" ಎಂದರು. ಆಮೇಲೆ ನೋಡಣ ಎಂದರೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ, ಯಾರೂ ಕೇಳದಿದ್ದರೂ, ಕಿಟಕಿಯ ಆಚೆ ನೋಡುತ್ತ, "ಶಿಬಿರದಲ್ಲಿ ಕೆಂಡದ ಮೇಲೆ ನಡೆಸಿದ್ರು. ನಾನು ಹೊಟ್ಟೆನೋವು ಅಂತ ರೂಮಲ್ಲಿ ಮಲ್ಗಿದ್ದೆ" ಎಂದರು. ಸಣ್ಣತಿಮ್ಮಯ್ಯ ಒಳ್ಳೆಯ ಕಿವಿಯಲ್ಲಿ ಕೇಳಿಸಿಕೊಂಡು ತಲೆಯಾಡಿಸಿದ.

ಕಿಬ್ಬನಹಳ್ಳಿಯಲ್ಲಿ ಟೀಗೆ ನಿಲ್ಲಿಸಿದರು. ಪಕ್ಕದಲ್ಲೇ ಲಾರಿಗೆ ಕೊಬ್ಬರಿ ಚೀಲ ತುಂಬುತ್ತಿದ್ದರು, ಮೂರು ನಾಲ್ಕು ವ್ಯಾಪಾರಿಗಳ ಚೀಲ ಒಟ್ಟಿಗೆ ಬಿದ್ದಿದ್ದವು, ಎಲ್ಲದರ ಮೇಲೂ ಒಂದೊಂದು ತೆಂಗಿನಕಾಯಿ. ಜ್ಞಾನೇಶ ತನ್ನ ಚಿತ್ರದ ಕಡೆ ನೋಡದಿರಲು ಟೀ ಲೋಟದೊಳಕ್ಕೆ ನೋಡುತ್ತಿದ್ದ. ಚೀಲ ಹೊರುತ್ತಿದ್ದವನೊಬ್ಬ ಭೂತಮ್ಮನ ಗುರುತು ಹಿಡಿದು, "ಏನತ್ತೆ, ಎತ್ಲಾಗೋಗಿದ್ರಿ?" ಎಂದ. ಆಕೆ ಲೋಟದಿಂದಲೇ ಜ್ಞಾನೇಶನ ಕಡೆ ತೋರಿಸಿ, "ಲೇ ಚಿತ್ತಪ್ಪ, ಇವ್ರೇ ಕಣ್ಲಾ ತಲೆಕೆಳಗ್ನ ಸ್ವಾಮಿ" ಎಂದಳು. ಚಿತ್ತಪ್ಪ ಬೆನ್ನ ಮೇಲಿದ್ದ ಚೀಲವನ್ನು ಹಾಗೇ ಇಳಿಸಿದ. ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಹತ್ತಿರ ಬಂದು, ಸೊಂಟಕ್ಕೆ ಸಿಂಬೆಬಟ್ಟೆ ಸುತ್ತಿಕೊಂಡಿದ್ದ ಕಲಾವಿದನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಮುಗಿದ. "ನೀವೇನಾ ಸ್ವಾಮಿ, ಕಾಯಿನ ತಲೆಕೆಳಗೆ ಬರ್ದೋರು? ಇಷ್ಟು ವರ್ಷ ಹೊತ್ತಿವ್ನಿ, ಬರ್ದೋರ ಮುಖ ನೋಡಿರ್ಲಿಲ್ಲ."

ಜ್ಞಾನೇಶನಿಗೆ ಟೀ ನೆತ್ತಿಗೇರಿತು. ಮಂಡಿಯ ಕೂಲಿಯವರೆಲ್ಲ ಆ ಚೀಲಕ್ಕೆ ತಲೆಕೆಳಗ್ನ ಸ್ವಾಮಿ ಎಂದೇ ಹೆಸರಿಟ್ಟಿದ್ದರಂತೆ. ಇವತ್ತು ತಲೆಕೆಳಗ್ನ ಸ್ವಾಮಿ ಎಷ್ಟು ಲೋಡಾಯ್ತಲಾ ಎಂದೇ ಕೇಳುವುದಂತೆ. ಹದಿನೈದು ವರ್ಷದಿಂದ ಊರಿನ ಅರ್ಧ ಜನ ನಕ್ಕಿದ್ದರು, ನಗದೇ ಇದ್ದವರು ಓದು ಬಲ್ಲವರು ಮಾತ್ರ. ಅವನ ಕಿವಿ ಕಾದವು. ಆದರೆ ಎದೆಯೊಳಗೆ ಯಾವುದೋ ಬಹಳ ದಿನದ ಬಿಗಿ ಸಡಿಲವಾಗಿ, ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದು ಹಗುರವೂ ಆಯಿತು. ತೋಂಟದಾರ್ಯ ಗಂಭೀರವಾಗಿ, "ಇನ್ಮೇಲೆ ಸರಿ ಮಾಡ್ತೀವಿ ಬಿಡಪ್ಪ. ಕಣ್ಣು ಮೇಲೆ ಬರ್ತದೆ" ಎಂದರು. ಚಿತ್ತಪ್ಪನ ಮುಖ ಬಾಡಿತು. "ಬ್ಯಾಡಿ ಬುದ್ಧಿ, ಅಂಗ್ ಮಾಡ್ಬುಡ್ಬ್ಯಾಡಿ. ನಮ್ಗೆ ಅಕ್ಷರ ಬರಾಕಿಲ್ಲ. ಎಲ್ಲಾ ಚೀಲದ್ ಮ್ಯಾಲೂ ಕಾಯೇ. ಕಣ್ಣು ಕೆಳಗಿದ್ರೆ ಕರಿಬಸವಯ್ಯೋರ್ದು ಅಂತ ನಾವು ಎತ್ತಾದು. ಸರಿ ಮಾಡಿದ್ರೆ ಯಾವ್ದು ಯಾರ್ದು ಅಂತ ಹೆಂಗ್ ಗೊತ್ತಾಯ್ತದೆ?" ಯಜಮಾನರು ಚೀಲಗಳನ್ನು ನೋಡಿದರು, ಚಿತ್ತಪ್ಪನನ್ನು ನೋಡಿದರು, ಕೊನೆಗೆ ನೀಲಿ ಫೈಲು ನೋಡಿದರು. ಅದರಲ್ಲಿ ಇದಕ್ಕೆ ಉತ್ತರ ಇದ್ದಂತೆ ಕಾಣಲಿಲ್ಲ. "ಜ್ಞಾನೇಶ್, ನಾಳೆ ನೀವೇ ಬರ್ದುಬಿಡಿ. ಹೆಂಗಿತ್ತೋ ಹಂಗೇ" ಎಂದು ಟೀ ಅಂಗಡಿಯವನ ಕಡೆ ತಿರುಗಿದರು.

ಸೋಮವಾರ ಹತ್ತು ಗಂಟೆಗೆ ಜ್ಞಾನೇಶ ಗಾಜಿನ ಮೇಜಿನ ಮುಂದೆ ಕೂತ. ಗೊತ್ತಿಲ್ಲದೆ ಮಾಡಿದಾಗ ಒಂದೇ ಎಳೆತಕ್ಕೆ ಬಂದ ಚಿತ್ರ, ಗೊತ್ತಿದ್ದು ಮಾಡುವಾಗ ಬರಲೊಲ್ಲದು. ಪೆನ್ಸಿಲ್ಲು ತಾನಾಗಿ ತೊಟ್ಟಿನ ಕಡೆಗೇ ಓಡುತ್ತಿತ್ತು. ಮೂರು ಹಾಳೆ ಹರಿದ. ನಿಸರ್ಗ ಸಹಾಯಕ್ಕೆ ಬರಲೇ ಎಂದಳು, ಬೇಡವೆಂದ. ದಿಮ್ಮಿ ದಾಟುವುದೇ ಇದಕ್ಕಿಂತ ಸುಲಭವಾಗಿತ್ತು. ಹನ್ನೆರಡರ ಹೊತ್ತಿಗೆ ಮೂರು ಕಣ್ಣು ಕೆಳಗೆ ನೋಡತೊಡಗಿದವು. ಭೂತಮ್ಮ ಅಷ್ಟೊತ್ತಿಗೆ ಗುಡಿಸುತ್ತ ಮೇಜಿನ ಹತ್ತಿರ ಬಂದು, ಅಭ್ಯಾಸಬಲದಿಂದ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು.

"ಭೂತಮ್ಮ, ಒಂಚೂರು ಇತ್ಲಾಗೆ ನೋಡಿ" ಎಂದ. "ತಪ್ಪು ಸರಿಯಾಗಿ ಬಂದಿದ್ಯಾ?"

ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳನ್ನು ಕಾಗದಕ್ಕೆ ತಾಗಿಸದೆ ತೋರಿಸಿ, "ಎಡಗಡೆ ಕಣ್ಣು ಮೊದ್ಲಿನದ್ರಲ್ಲಿ ಇನ್ನೊಂಚೂರು ಕೆಳೀಕಿತ್ತು ಸ್ವಾಮಿ" ಎಂದಳು. ಜ್ಞಾನೇಶ ರಬ್ಬರು ತೆಗೆದುಕೊಂಡ.